ಕೋಲಾರ ಮುಟ್ಟಿದ ಕರೆಂಟ್ ನಮ್ಮ ಹೊಲಕ್ಕ ಯಾಕ ಸೊರಗ್ತದ?

ಹೋದ ವಾರ ಮತ್ತ ಮೋಟರ್ ಸುಟ್ಟದ, ಅದೂ ತೊಗರಿ ಹೂವಾಡೋ ಹೊತ್ತಿಗೆ. ರಿವೈಂಡಿಂಗ್ ಅಂಗಡ್ಯಾಗ ಕೂತಾಗ ಶಿವನಸಮುದ್ರ ನೆನಪಾಯ್ತು.

1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು. ಆಗ ಜಗತ್ತಿನ ಉದ್ದನೆಯ ಲೈನುಗಳಲ್ಲಿ ಅದೂ ಒಂದು. ವೋಲ್ಟೇಜ್ ಏರಿಸಿ ಕಳಿಸಿದರು, ಗಣಿ ಹತ್ತಿರ ಇಳಿಸಿಕೊಂಡರು. ವೋಲ್ಟೇಜ್ ಏರಿದರೆ ಆಂಪಿಯರ್ ಇಳಿಯುತ್ತದೆ. ಆಂಪಿಯರ್ ಅರ್ಧ ಆದ್ರ ತಂತಿ ಕಾಯೋ ನಷ್ಟ ಕಾಲು ಭಾಗಕ್ಕ ಬರ್ತದ.

ರಾಯಚೂರಿನ ಶಕ್ತಿನಗರದ ಕರೆಂಟೂ ಹಂಗೇ ಏರಿ ಹೊರಡ್ತದ, ಊರ ಹತ್ರ 11 ಸಾವಿರ ವೋಲ್ಟಿಗೆ ಇಳೀತದ, ಟಿಸಿ ದಾಟಿದ್ರ 400ರ ಆಸುಪಾಸು. ಕೆಡೋದು ಅಲ್ಲಿಂದ ಮುಂದ. ಸೇಡಂ ಕಡೆಯ ನಮ್ಮ ಹೊಲಕ್ಕ ಟಿಸಿಯಿಂದ ಹದಿನಾಲ್ಕು ಕಂಬ, ಸಣ್ಣ ತಂತಿ, ಒಂಬತ್ತು ಮೋಟರ್. ಕೊನೇ ಕಂಬದಾಗ ವೋಲ್ಟೇಜ್ ಕುಸೀತದ, ಮೋಟರ್ ಹೆಚ್ಚು ಆಂಪಿಯರ್ ಎಳೆದು ಸುಡ್ತದ.

ಟಿಸಿ ಹೊಲದ ಸಮೀಪ ತರ್ರಿ ಅಂತ ಅರ್ಜಿ ಬರದೀವಿ. ಏಳು ಸಹಿ ಆಗ್ಯಾವ, ಇನ್ನೆರಡು ಬಾಕಿ. ಆ ಇಬ್ರು ಓದಿದ್ರ ಸಂಜಿಗಿ ಬರ್ರಿ.