ರೀಡ್ ವಾಲ್ವ್ (ಟೂ-ಸ್ಟ್ರೋಕ್ ಮೋಟಾರ್‌ಸೈಕಲ್)

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರಿಗೂ ಕ್ರ್ಯಾಂಕ್‌ಕೇಸಿಗೂ ನಡುವೆ ಕೂರುವ ಏಕಮುಖ ಕವಾಟವೇ ರೀಡ್ ವಾಲ್ವ್. ಗಾಳಿ, ಪೆಟ್ರೋಲು, ಆಯಿಲುಗಳ ಮಿಶ್ರಣವನ್ನು ಇದು ಒಳಕ್ಕೆ ಬಿಡುತ್ತದೆ, ಹಿಂದಕ್ಕೆ ಹೋಗದಂತೆ ತಡೆಯುತ್ತದೆ. ಗುಡ್ಡದ ದಾರಿ, ಕೆಸರು, ಡರ್ಟ್ ಟ್ರ್ಯಾಕುಗಳಲ್ಲಿ ಓಡುವ ಬೈಕಿನ ಪಿಕಪ್ಪು ಬಹುಮಟ್ಟಿಗೆ ಇದರ ದಳಗಳ ಬಿಗಿತವನ್ನು ಅವಲಂಬಿಸಿದೆ.

ರಚನೆ ಮತ್ತು ಕಾರ್ಯ

ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ಕಿನ ‘ವಿ’ ಆಕಾರದ ಚೌಕಟ್ಟಿಗೆ ರೀಡ್ ಬ್ಲಾಕ್ ಎಂದು ಹೆಸರು. ಅದರ ಇಳಿಜಾರು ಮುಖಗಳಲ್ಲಿ ಕಿಂಡಿಗಳಿರುತ್ತವೆ. ಪ್ರತಿ ಕಿಂಡಿಯನ್ನೂ ಒಂದು ತುದಿಯಲ್ಲಿ ಮಾತ್ರ ಸ್ಕ್ರೂ ಹಾಕಿದ ತೆಳ್ಳನೆಯ ದಳ ಮುಚ್ಚುತ್ತದೆ. ದಳ ಅತಿಯಾಗಿ ಬಾಗಿ ಮುರಿಯದಂತೆ ಹಲವು ಬ್ಲಾಕುಗಳಲ್ಲಿ ಮೇಲೊಂದು ಬಾಗಿದ ಲೋಹದ ಸ್ಟಾಪರ್ ಇರುತ್ತದೆ.

ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್‌ಕೇಸಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಆಗ ದಳಗಳು ತೆರೆದು ಮಿಶ್ರಣ ಒಳನುಗ್ಗುತ್ತದೆ. ಪಿಸ್ಟನ್ ಇಳಿಯುವಾಗ ಒಳಗಿನ ಒತ್ತಡ ಹೆಚ್ಚಿ ದಳಗಳು ಮುಚ್ಚಿಕೊಳ್ಳುತ್ತವೆ. ನಿಮಿಷಕ್ಕೆ 7,500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಈ ಕ್ರಿಯೆ ಸೆಕೆಂಡಿಗೆ 125 ಸಲ ನಡೆಯಬೇಕು, 12,000 ಸುತ್ತಿನಲ್ಲಿ 200 ಸಲ. ದಳ ಅಷ್ಟು ವೇಗಕ್ಕೆ ಹೊಂದಿಕೊಳ್ಳದೆ ಪಟಪಟಿಸಿದರೆ ಒಳಗೆ ಬಂದ ಮಿಶ್ರಣದ ಒಂದು ಪಾಲು ಹಿಂದಕ್ಕೆ ಚಿಮ್ಮುತ್ತದೆ.

ಇತಿಹಾಸ

ಹಳೆಯ ಟೂ-ಸ್ಟ್ರೋಕುಗಳಲ್ಲಿ ಒಳದ್ವಾರವನ್ನು ತೆರೆದು ಮುಚ್ಚುವ ಕೆಲಸ ಪಿಸ್ಟನ್ನಿನದೇ ಆಗಿತ್ತು. ಇದು ಪಿಸ್ಟನ್-ಪೋರ್ಟ್ ಪದ್ಧತಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ ಜಾವಾ, ಆಮೇಲಿನ ಯೆಜ್ಡಿ 250 ಈ ಬಗೆಯವು. ಈ ಪದ್ಧತಿಯಲ್ಲಿ ದ್ವಾರ ತೆರೆಯುವ ಮತ್ತು ಮುಚ್ಚುವ ಕೋನಗಳು ಸಮವಾಗಿರುವುದರಿಂದ, ಕಡಿಮೆ ವೇಗದಲ್ಲಿ ಮಿಶ್ರಣ ಕಾರ್ಬ್ಯುರೇಟರಿನ ಕಡೆಗೆ ಮರಳುತ್ತದೆ.

ಯಮಾಹಾ ಕಂಪನಿ 1972ರ ಮಾದರಿಗಳಲ್ಲಿ ‘ಟಾರ್ಕ್ ಇಂಡಕ್ಷನ್’ ಎಂಬ ಹೆಸರಿನಲ್ಲಿ ರೀಡ್ ವಾಲ್ವನ್ನು ತನ್ನ ಡಿಟಿ ಸರಣಿಯ ಡರ್ಟ್ ಬೈಕುಗಳಿಗೆ ಅಳವಡಿಸಿತು. ಭಾರತದಲ್ಲಿ ಎಸ್ಕಾರ್ಟ್ಸ್ ಕಂಪನಿಯ ರಾಜ್‌ದೂತ್ 350 (1983) ಮತ್ತು ಯಮಾಹಾ ಆರ್‌ಎಕ್ಸ್ 100 (1985) ಇದನ್ನು ಮೆಕ್ಯಾನಿಕ್ಕುಗಳ ಕೈಗೆ ತಂದವು. ಎರಡು ಸಿಲಿಂಡರಿನ ರಾಜ್‌ದೂತ್ 350ರಲ್ಲಿ ರೀಡ್ ಬ್ಲಾಕುಗಳೂ ಎರಡು. ಆರ್‌ಎಕ್ಸ್ 100ರದು 98 ಸಿಸಿಯ ಒಂದೇ ಸಿಲಿಂಡರ್. ಅದು ಹೊರಡಿಸುತ್ತಿದ್ದ ಶಕ್ತಿ ಸುಮಾರು 11 ಅಶ್ವಶಕ್ತಿ.

ಗುರುತಿಸುವ ಕ್ರಮ

ಕಾರ್ಬ್ಯುರೇಟರ್ ಮತ್ತು ರಬ್ಬರ್ ಮ್ಯಾನಿಫೋಲ್ಡ್ ಬಿಚ್ಚಿದಾಗ ದ್ವಾರದಲ್ಲಿ ಪಿಸ್ಟನ್ನಿನ ಮೈ ನೇರವಾಗಿ ಕಂಡರೆ ಅದು ಪಿಸ್ಟನ್-ಪೋರ್ಟ್, ಕಿಂಡಿಗಳುಳ್ಳ ಬ್ಲಾಕ್ ಕಂಡರೆ ರೀಡ್ ವಾಲ್ವ್. ಬ್ಲಾಕ್ ಸಿಲಿಂಡರಿಗೆ ಕೂತಿದೆಯೋ ಕ್ರ್ಯಾಂಕ್‌ಕೇಸಿಗೆ ಕೂತಿದೆಯೋ ಎಂಬುದನ್ನೂ ನೋಡಬೇಕು. ಆರ್‌ಎಕ್ಸ್ 100ರಲ್ಲಿ ಅದು ಸಿಲಿಂಡರಿನಲ್ಲಿದೆ, ಈಗಿನ ಮೋಟೋಕ್ರಾಸ್ ಬೈಕುಗಳಲ್ಲಿ ಹೆಚ್ಚಾಗಿ ಕ್ರ್ಯಾಂಕ್‌ಕೇಸಿನಲ್ಲಿ.

ಬೈಕಿನ ಹೆಸರೊಂದನ್ನೇ ಹೇಳಿ ಬ್ಲಾಕ್ ಕೊಳ್ಳುವುದು ಸರಿಯಲ್ಲ. ಒಂದೇ ಹೆಸರಿನ ಬೇರೆ ಬೇರೆ ವರ್ಷದ ಮಾದರಿಗಳಲ್ಲಿ ಅಳತೆ ಬದಲಾಗಿರಬಹುದು. ವರ್ಷ ಮತ್ತು ಎಂಜಿನ್ ನಂಬರಿನ ಜೊತೆಗೆ ಬೋಲ್ಟ್ ತೂತುಗಳ ಅಂತರ, ಗ್ಯಾಸ್ಕೆಟ್ಟಿನ ಉದ್ದಗಲ, ಬ್ಲಾಕಿನ ಆಳ, ದಳಗಳ ಸಂಖ್ಯೆ, ದಳದ ಉದ್ದ, ಅಗಲ, ದಪ್ಪಗಳನ್ನು ವರ್ನಿಯರಿನಿಂದ ಅಳೆದು ಬರೆದುಕೊಳ್ಳಬೇಕು.

ದಳದ ವಸ್ತು

*ಸ್ಟೀಲ್:* ಹೊಳೆಯುವ ತೆಳು ತಗಡು. ಬಾಳಿಕೆ ಹೆಚ್ಚು. ಆದರೆ ಮುರಿದ ಚೂರು ಎಂಜಿನ್ನಿನೊಳಗೆ ಹೋದರೆ ಪಿಸ್ಟನ್ನೂ ಸಿಲಿಂಡರೂ ಹಾಳಾಗುತ್ತವೆ.

*ಗ್ಲಾಸ್ ಫೈಬರ್:* ಸಾಮಾನ್ಯವಾಗಿ ಬೆಳಕು ಹಾಯುವಂಥದು. ಹಗುರ, ಬೆಲೆ ಮಿತ. ಬಳಸುತ್ತ ಬಳಸುತ್ತ ಅಂಚು ನಾರುನಾರಾಗುತ್ತದೆ. ಮುರಿದರೂ ಸ್ಟೀಲಿನಷ್ಟು ಅಪಾಯವಿಲ್ಲ.

*ಕಾರ್ಬನ್ ಫೈಬರ್:* ಕಪ್ಪು, ನೇಯ್ಗೆ ಎದ್ದು ಕಾಣುವಂಥದು. ತೂಕಕ್ಕೆ ಹೋಲಿಸಿದರೆ ಬಿಗಿತ ಹೆಚ್ಚು, ಹೀಗಾಗಿ ಮೇಲಿನ ಆರ್‌ಪಿಎಮ್ಮಿಗೆ ಒಗ್ಗುತ್ತದೆ. ಬೆಲೆಯೂ ಹೆಚ್ಚು.

ಆಯ್ಕೆ

ಒಂದೇ ವಸ್ತುವಿನ, ಒಂದೇ ಉದ್ದದ ದಳದ ಬಿಗಿತ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಶೇ. 20ರಷ್ಟು ಹೆಚ್ಚಿದರೆ ಬಿಗಿತ ಸುಮಾರು ಶೇ. 73ರಷ್ಟು ಏರುತ್ತದೆ. ಆದ್ದರಿಂದ ಕೈಗೆ ಗೊತ್ತಾಗದಷ್ಟು ಸಣ್ಣ ವ್ಯತ್ಯಾಸವೂ ಓಟದಲ್ಲಿ ತಿಳಿಯುತ್ತದೆ.

ಮೃದುವಾದ ದಳ ಅಲ್ಪ ಒತ್ತಡ ವ್ಯತ್ಯಾಸಕ್ಕೇ ತೆರೆಯುವುದರಿಂದ ಕೆಳಗಿನ ಮತ್ತು ನಡುವಿನ ಆರ್‌ಪಿಎಮ್ಮಿನಲ್ಲಿ ಎಳೆತ ಚೆನ್ನಾಗಿರುತ್ತದೆ. ಕೊಡಗು, ಮಲೆನಾಡಿನ ತೋಟದ ಏರುದಾರಿ, ಮಳೆಗಾಲದ ಕೆಸರು, ಕಲ್ಲುಹಾದಿಗಳಿಗೆ ಇದು ಅನುಕೂಲ. ಗಟ್ಟಿ ದಳ ತಡವಾಗಿ ತೆರೆದರೂ ಹೆಚ್ಚು ವೇಗದಲ್ಲಿ ಪಟಪಟಿಸದೆ ಸರಿಯಾಗಿ ಮುಚ್ಚುತ್ತದೆ. ಥ್ರಾಟಲ್ ಪೂರ್ತಿ ತೆರೆದು ಓಡಿಸುವ ಉದ್ದ ಟ್ರ್ಯಾಕಿಗೆ ಅದು ಸೂಕ್ತ. ಎರಡರ ಗುಣವೂ ಬೇಕೆನ್ನುವವರಿಗೆ ಅಮೆರಿಕದ ಬಾಯ್ಸನ್ ಕಂಪನಿ ಪ್ರಚಾರಕ್ಕೆ ತಂದ ಎರಡು ಹಂತದ ದಳಗಳಿವೆ. ಕಿಂಡಿಯುಳ್ಳ ದಪ್ಪ ದಳದ ಮೇಲೆ ತೆಳು ದಳ ಕೂತಿದ್ದು, ಮೊದಲು ತೆಳು ದಳ, ಬೇಡಿಕೆ ಹೆಚ್ಚಿದಂತೆ ದಪ್ಪ ದಳವೂ ತೆರೆಯುತ್ತದೆ.

ದೊಡ್ಡ ಬ್ಲಾಕ್ ಹಾಕಿದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ. ಕಾರ್ಬ್ಯುರೇಟರ್, ಪೋರ್ಟು, ಸೈಲೆನ್ಸರ್ ಹಳೆಯವೇ ಆಗಿದ್ದರೆ ದೊಡ್ಡ ಕಿಂಡಿಯಲ್ಲಿ ಮಿಶ್ರಣದ ವೇಗ ತಗ್ಗಿ ಪಿಕಪ್ಪು ಕುಂದಬಹುದು. ಎಂಜಿನ್ ಬದಲಾಯಿಸದ ಬೈಕಿಗೆ ಕಂಪನಿಯ ದಪ್ಪದ ದಳವೇ ಮೊದಲ ಆಯ್ಕೆ. ಬೇರೆ ಬಗೆಯದನ್ನು ಹಾಕಿದಾಗ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಕಾರ್ಬ್ಯುರೇಟರಿನ ಜೆಟ್ ಮತ್ತೆ ಹೊಂದಿಸಬೇಕು. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುವ ಅಪಾಯವಿದೆ.

ಪರೀಕ್ಷೆ ಮತ್ತು ಜೋಡಣೆ

ಸ್ಟಾರ್ಟ್ ಆಗಲು ಹಠ, ಸ್ಥಿರವಿಲ್ಲದ ಐಡ್ಲಿಂಗ್, ಕೆಳಗಿನ ವೇಗದಲ್ಲಿ ಎಳೆತವಿಲ್ಲದಿರುವುದು, ಏರ್ ಫಿಲ್ಟರಿನ ಕಡೆಗೆ ಪೆಟ್ರೋಲು ಚಿಮ್ಮುವುದು ದಳ ಕೆಟ್ಟಿರುವ ಸೂಚನೆಗಳು. ಬ್ಲಾಕನ್ನು ಬೆಳಕಿಗೆ ಹಿಡಿದು ದಳದ ಅಂಚಿನಲ್ಲಿ ಸಂದು ಇದೆಯೇ ಎಂದು ನೋಡಬೇಕು. ಸಂದಿದ್ದರೆ ಅದನ್ನು ಫೀಲರ್ ಗೇಜಿನಿಂದ ಅಳೆದು ಬೈಕಿನ ಸರ್ವೀಸ್ ಪುಸ್ತಕದ ಮಿತಿಗೆ ಹೋಲಿಸಬೇಕು. ಬಿರುಕು, ನಾರೆದ್ದ ಅಂಚು, ಬ್ಲಾಕಿನ ರಬ್ಬರ್ ಲೇಪ ಕಿತ್ತಿರುವುದು ಕಂಡರೆ ಬದಲಾಯಿಸುವುದೇ ಸರಿ.

ಕೂರಿಸುವಾಗ ದಳದ ಸಹಜ ಬಾಗು ಅದರ ತುದಿಯನ್ನು ಬ್ಲಾಕಿಗೆ ಒತ್ತುವಂತಿರಬೇಕು. ಮೂಲೆ ಕತ್ತರಿಸಿದ ದಳವಾದರೆ ಆ ಗುರುತು ಬ್ಲಾಕ್ ಮತ್ತು ಸ್ಟಾಪರಿನ ಗುರುತಿಗೆ ಹೊಂದಬೇಕು. ಸ್ಕ್ರೂಗಳಿಗೆ ಥ್ರೆಡ್ ಲಾಕ್ ಹಚ್ಚಿ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು. ಹೊಸ ಗ್ಯಾಸ್ಕೆಟ್ ಹಾಕುವುದು ಒಳ್ಳೆಯದು. ಅಲ್ಲಿ ಗಾಳಿ ಸೋರಿದರೆ ದಳ ಎಷ್ಟೇ ಒಳ್ಳೆಯದಾದರೂ ಪ್ರಯೋಜನವಾಗದು.