ಒಬ್ಬ ಉಪಕಾನ್ಸಲನ ಕೂಟಲೇಖಗಳು

ಶಾಸನಗಳನ್ನು ಅಭ್ಯಾಸ ಮಾಡುವವರಿಗೆ ಕೂಟಶಾಸನವೆಂಬ ಮಾತು ಚೆನ್ನಾಗಿ ಪರಿಚಿತವಾದುದು. ತಾಮ್ರಪಟವೊಂದು ದೊರೆಯುತ್ತದೆ, ಅದರಲ್ಲಿ ದೊರೆಯ ಹೆಸರುಂಟು, ಮುದ್ರೆಯುಂಟು, ದಾನದ ವಿವರವುಂಟು, ಆದರೆ ಲಿಪಿಯನ್ನು ಪರೀಕ್ಷಿಸಿದರೆ ಅದು ಆ ದೊರೆಯ ಕಾಲದ್ದಲ್ಲ, ಎರಡು ಮೂರು ಶತಮಾನಗಳಷ್ಟು ಈಚಿನದು. ಭೂಮಿಯ ಆಸೆಗೆ ಯಾರೋ ಬರೆಯಿಸಿಕೊಂಡದ್ದೆಂದು ನಿರ್ಣಯಿಸಿ ನಾವು ಅದನ್ನು ಬದಿಗಿಡುತ್ತೇವೆ. ಅಂತಹ ಲೇಖವನ್ನು ಬರೆದವನ ಹೆಸರನ್ನು ಆದರದಿಂದ ಹುಡುಕುವ ಪದ್ಧತಿ ಚರಿತ್ರಕಾರರಲ್ಲಿಲ್ಲ. ಇಂದು ಶ್ರೋತೃಗಳ ಮುಂದೆ ನಾವು ಇಡಬೇಕೆಂದಿರುವ ವೃತ್ತಾಂತವು ಈ ಪದ್ಧತಿಗೆ ಹೊರತಾದುದು.

ಕೊನ್‌ಸ್ತಾಂತಿ ರೊಕಿತ್ಸ್ಕಿ ಎಂಬಾತನು 1899ರಲ್ಲಿ ವಾರ್ಸಾ ನಗರದಲ್ಲಿ ಹುಟ್ಟಿದನು. ಆಗ ಪೋಲೆಂಡು ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ವಾರ್ಸಾ ರಷ್ಯದ ಚಕ್ರವರ್ತಿಗೆ ಸೇರಿತ್ತು. 1918ರಲ್ಲಿ ದೇಶವು ಮರಳಿ ತಲೆಯೆತ್ತಿದಾಗ ರೊಕಿತ್ಸ್ಕಿಯು ಸೈನ್ಯವನ್ನು ಸೇರಿ, ಸೋವಿಯತ್ ಸೇನೆಯೊಡನೆ ನಡೆದ ಯುದ್ಧದಲ್ಲಿ ಕಾದಿ, ಶೌರ್ಯಪದಕವನ್ನು ಪಡೆದನು. ಅನಂತರ ಕಾನ್ಸಲರ ಇಲಾಖೆಗೆ ಸೇರಿ, ಮಿನ್ಸ್ಕ್, ರಿಗಾ, ಕೈರೋ ನಗರಗಳಲ್ಲಿ ಕೆಲಸ ಮಾಡಿ, 1939ರಲ್ಲಿ ಸ್ವಿಟ್ಜರ್ಲೆಂಡಿನ ರಾಜಧಾನಿಯಾದ ಬೆರ್ನ್ ನಗರಕ್ಕೆ ಉಪಕಾನ್ಸಲನಾಗಿ ಬಂದನು. ರಾಯಭಾರಿಯಂತೆ ಸಂಧಿವಿಗ್ರಹಗಳ ಮಾತನಾಡುವುದು ಕಾನ್ಸಲನ ಕೆಲಸವಲ್ಲ. ಪರದೇಶದಲ್ಲಿರುವ ತನ್ನ ದೇಶದವರಿಗೆ ರಹದಾರಿಪತ್ರ ಕೊಡುವುದು, ಜನನ ಮರಣಗಳನ್ನು ದಾಖಲು ಮಾಡುವುದು, ಸಹಿಗಳನ್ನು ದೃಢೀಕರಿಸುವುದು, ಇವೇ ಅವನ ದಿನಚರಿ. ಒಟ್ಟಿನಲ್ಲಿ ಗುಮಾಸ್ತಗಿರಿಗೆ ಸ್ವಲ್ಪ ಮೇಲಿನ ಅಧಿಕಾರ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜರ್ಮನಿಯೂ ಸೋವಿಯತ್ ಒಕ್ಕೂಟವೂ ಪೋಲೆಂಡನ್ನು ಹಂಚಿಕೊಂಡುವು. ಸರ್ಕಾರವು ಮೊದಲು ಫ್ರಾನ್ಸಿಗೂ, 1940ರಲ್ಲಿ ಲಂಡನ್ನಿಗೂ ವಲಸೆ ಹೋಯಿತು. ನೆಲವಿಲ್ಲದ ಆ ಸರ್ಕಾರದ ಪರವಾಗಿ ಬೆರ್ನಿನ ಕಾರ್ಯಾಲಯವು ಬಾಗಿಲು ಮುಚ್ಚದೆ ನಿಂತಿತು. 1940ರಿಂದ ಅಲೆಕ್ಸಾಂದರ್ ವಾದೋಶ್ ಎಂಬಾತನು ಅದಕ್ಕೆ ಮುಖ್ಯಸ್ಥ. ಸ್ತೆಫಾನ್ ರಿನ್ಯೆವಿಚ್ ಅವನ ಸಹಾಯಕ.

ಯೆಹೂದ್ಯರನ್ನು ನಿರ್ಮೂಲ ಮಾಡಹೊರಟಿದ್ದ ಜರ್ಮನರು ತಟಸ್ಥ ದೇಶಗಳ ಪ್ರಜೆಗಳ ವಿಷಯದಲ್ಲಿ ಮಾತ್ರ ಕೈ ತಡೆಯುತ್ತಿದ್ದರು. ಇದು ಕರುಣೆಯಿಂದಲ್ಲ. ಹೊರದೇಶಗಳಲ್ಲಿ ಸೆರೆಯಾಗಿದ್ದ ತಮ್ಮವರನ್ನು ಬಿಡಿಸಿಕೊಳ್ಳಲು ಬದಲಿ ಕೊಡುವುದಕ್ಕೆ ಅವರಿಗೆ ಮನುಷ್ಯರು ಬೇಕಾಗಿದ್ದರು. ಆದುದರಿಂದ ದಕ್ಷಿಣ ಅಮೆರಿಕದ ರಹದಾರಿಪತ್ರವುಳ್ಳ ಯೆಹೂದ್ಯನನ್ನು ಕೊಲೆಯ ಶಿಬಿರಕ್ಕೆ ಒಯ್ಯದೆ, ಫ್ರಾನ್ಸಿನ ವಿತ್ತೆಲ್ ಅಥವಾ ಜರ್ಮನಿಯ ಬೆರ್ಗನ್-ಬೆಲ್ಸೆನ್ ಮೊದಲಾದೆಡೆಗಳಲ್ಲಿ ಇರಿಸುತ್ತಿದ್ದರು. ಬೆರ್ನಿನ ಮಿತ್ರರು ಕಂಡುಕೊಂಡ ಸಂದು ಇದೇ.

ಆ ನಗರದಲ್ಲಿ ರುಡಾಲ್ಫ್ ಹ್ಯೂಗ್ಲಿ ಎಂಬ ಸ್ವಿಸ್ ನೋಟರಿಯು ಪರಗ್ವೇ ದೇಶಕ್ಕೆ ಗೌರವ ಕಾನ್ಸಲನಾಗಿದ್ದನು. ಅವನಲ್ಲಿ ಖಾಲಿ ಪುಸ್ತಿಕೆಗಳಿದ್ದುವು. ದುಡ್ಡಿನ ಆಸೆಯೂ ಇತ್ತು. ಒಂದೊಂದಕ್ಕೆ 500ರಿಂದ 2,000 ಫ್ರಾಂಕುಗಳವರೆಗೆ ಬೆಲೆ. ಜಿನೀವದ ಆಬ್ರಹಾಂ ಜಿಲ್ಬರ್‌ಶೈನ್, ಜೂರಿಕ್ಕಿನ ಹಾಯಿಮ್ ಐಸ್ ಎಂಬ ಯೆಹೂದ್ಯ ಮುಖಂಡರು ಹಣವನ್ನು ಕೂಡಿಸಿ, ಗುಪ್ತಮಾರ್ಗಗಳಿಂದ ಬಂದ ಹೆಸರು, ಜನ್ಮದಿನ, ಭಾವಚಿತ್ರಗಳನ್ನು ಒದಗಿಸುತ್ತಿದ್ದರು. ಕಾರ್ಯಾಲಯದ ಯೂಲಿಯುಷ್ ಕ್ಯೂಲ್ ಎಂಬ ತರುಣನು ಓಡಾಡಿ ಪುಸ್ತಿಕೆಗಳನ್ನು ತರುತ್ತಿದ್ದನು. ರೊಕಿತ್ಸ್ಕಿಯು ಅವುಗಳನ್ನು ಸ್ವಹಸ್ತದಿಂದ ತುಂಬುತ್ತಿದ್ದನು. ಮತ್ತೆ ಹ್ಯೂಗ್ಲಿಯ ಸಹಿ, ಪರಗ್ವೇಯ ಮುದ್ರೆ. ವಾರ್ಸಾದಲ್ಲೋ ಬೆಂಜಿನಿನಲ್ಲೋ ಗೋಡೆಯೊಳಗೆ ಕೂಡಿಹಾಕಲ್ಪಟ್ಟ ಕುಟುಂಬವೊಂದು, ತಾನು ಎಂದೂ ಕಾಣದ, ಭಾಷೆಯನ್ನೂ ಅರಿಯದ ದೇಶದ ಪ್ರಜೆಯಾಗಿಬಿಡುತ್ತಿತ್ತು.

ರಾಕ್ಷಸಾಮಾತ್ಯನ ಮುದ್ರೆಯುಂಗುರದಿಂದ ಚಾಣಕ್ಯನು ಸಾಧಿಸಿದ ಕಾರ್ಯವನ್ನು ಬಲ್ಲ ನಮಗೆ ಮುದ್ರೆಯ ಮಹಿಮೆಯನ್ನು ವಿವರಿಸಬೇಕಾದುದಿಲ್ಲ. ಆದರೆ ಅಲ್ಲಿ ರಾಜ್ಯವನ್ನು ಕಟ್ಟುವ ತಂತ್ರ. ಇಲ್ಲಿ ರಾಜ್ಯವನ್ನು ಕಳೆದುಕೊಂಡ ಅಧಿಕಾರಿಯೊಬ್ಬನು, ಆಶ್ರಯವಿತ್ತ ದೇಶದ ಕಾನೂನನ್ನು ಮೀರಿ, ಪರರಾಜ್ಯದ ಹೆಸರಿನಲ್ಲಿ ದಿನದಿನವೂ ಸುಳ್ಳನ್ನು ಬರೆದನು. ರೊಕಿತ್ಸ್ಕಿಯ ಅಕ್ಷರದಲ್ಲಿರುವ ಪುಸ್ತಿಕೆಗಳು ಸಾವಿರಕ್ಕೆ ಕಡಮೆಯಿಲ್ಲ. ಒಂದೇ ಪುಸ್ತಿಕೆಯಲ್ಲಿ ಹೆಂಡತಿ ಮಕ್ಕಳ ಹೆಸರುಗಳೂ ಸೇರುತ್ತಿದ್ದುವು.

1943ರಲ್ಲಿ ಸ್ವಿಸ್ ಪೊಲೀಸರಿಗೆ ಸುಳಿವು ಹತ್ತಿತು. ಜಿಲ್ಬರ್‌ಶೈನನನ್ನು ಸೆಪ್ಟೆಂಬರಿನಲ್ಲಿ ಕೆಲವು ಕಾಲ ಬಂಧಿಸಿದರು, ಕ್ಯೂಲನನ್ನು ವಿಚಾರಿಸಿದರು. ವಾದೋಶನು ವಿದೇಶಾಂಗ ಮಂತ್ರಿ ಪಿಲೆ-ಗೋಲಾನ ಬಳಿಗೆ ತಾನೇ ಹೋಗಿ ತನ್ನವರ ಪರವಾಗಿ ವಾದಿಸಿದನು. ಅದಕ್ಕಿಂತಲೂ ದೊಡ್ಡ ವಿಪತ್ತು ಬೇರೆ ಕಡೆಯಿಂದ ಬಂತು. ಜರ್ಮನರು ಪತ್ರಗಳನ್ನು ಸಂಶಯಿಸಿದರು; ಪರಗ್ವೇ ಸರ್ಕಾರವು ಇವರು ತನ್ನವರೆಂದು ಇನ್ನೂ ಒಪ್ಪಿರಲಿಲ್ಲ. ಲಂಡನ್ನಿನ ಪೋಲಿಷ್ ಸರ್ಕಾರ, ಪೋಪರ ಪೀಠ ಇವುಗಳ ಒತ್ತಾಯದಿಂದ ಒಪ್ಪಿಗೆಯೇನೋ 1944ರಲ್ಲಿ ದೊರೆಯಿತು. ವಿತ್ತೆಲಿನವರಿಗೆ ಅದರಿಂದ ರಕ್ಷಣೆಯಾಗಲಿಲ್ಲ. ಆ ವರ್ಷದ ಏಪ್ರಿಲ್ ಮೇ ತಿಂಗಳುಗಳಲ್ಲಿ ಅಲ್ಲಿದ್ದ ಪೋಲಿಷ್ ಯೆಹೂದ್ಯರನ್ನು ಔಷ್ವಿಟ್ಸಿಗೆ ಸಾಗಿಸಿದರು. ಪತ್ರವನ್ನು ಪಡೆದವರಲ್ಲಿ ಉಳಿದವರಿಗಿಂತ ಅಳಿದವರೇ ಹೆಚ್ಚು. ಆದರೂ ನೂರಾರು ಮಂದಿ ಬದುಕಿದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಇದ್ದಾರೆ.

1945ರ ಜುಲೈಯಲ್ಲಿ ಸ್ವಿಟ್ಜರ್ಲೆಂಡು ವಾರ್ಸಾದ ಹೊಸ ಕಮ್ಯೂನಿಸ್ಟ್ ಸರ್ಕಾರಕ್ಕೆ ಮನ್ನಣೆ ನೀಡಿತು. ಲಂಡನ್ನಿನ ಸರ್ಕಾರದ ಸೇವಕರಿಗೆ ಅಂದಿಗೆ ಋಣ ತೀರಿತು. ಇತರರಿಗೆ ದೇಶವನ್ನು ಬರೆದುಕೊಟ್ಟವನು ತನಗೇ ದೇಶವಿಲ್ಲದವನಾದನು. ವಾದೋಶನು ವೃದ್ಧಾಪ್ಯದಲ್ಲಿ ಪೋಲೆಂಡಿಗೆ ಮರಳಿ 1963ರಲ್ಲಿ ತೀರಿಕೊಂಡನು. ರೊಕಿತ್ಸ್ಕಿಯು ಮರಳಲಿಲ್ಲ. ಬಡತನದಲ್ಲಿ ದಿನ ನೂಕಿ, 1958ರ ಜುಲೈಯಲ್ಲಿ ಲ್ಯೂಸರ್ನ್ ನಗರದಲ್ಲಿ ಪ್ರಾಣಬಿಟ್ಟನು. ಸಮಾಧಿಗಳನ್ನು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ತೆರವುಮಾಡುವುದು ಆ ದೇಶದ ವಾಡಿಕೆ. ಹಾಗೆ ಅವನದೂ ಹೋಯಿತು. 2018ರಲ್ಲಿ ಸ್ಥಳವನ್ನು ಗುರುತಿಸಿ, ಅಕ್ಟೋಬರಿನಲ್ಲಿ ಪೋಲೆಂಡಿನ ರಾಷ್ಟ್ರಾಧ್ಯಕ್ಷರ ಸಮಕ್ಷಮದಲ್ಲಿ ಹೊಸ ಕಲ್ಲನ್ನು ನಿಲ್ಲಿಸಿದರು.

ಮರುವರ್ಷ ಜೆರೂಸಲೇಮಿನ ಯಾದ್ ವಾಶೇಮ್ ಸಂಸ್ಥೆಯು ರೊಕಿತ್ಸ್ಕಿಗೆ, ಯೆಹೂದ್ಯರನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಸಲ್ಲುವ ತನ್ನ ಅತ್ಯುಚ್ಚ ಬಿರುದನ್ನು ಕೊಟ್ಟಿತು. ವಾದೋಶ್, ರಿನ್ಯೆವಿಚರಿಗೆ ಆ ಬಿರುದು ಬರಲಿಲ್ಲ, ಇದರಿಂದ ವಿವಾದವೆದ್ದಿತು. ಮೇಲಧಿಕಾರಿಯ ಸಮ್ಮತಿಯಿಲ್ಲದೆ ಉಪಕಾನ್ಸಲನು ಇಷ್ಟು ಕಾಲ ಇದನ್ನು ನಡೆಸಿದನೆಂಬುದು ನಮಗೆ ನಂಬತಕ್ಕದ್ದಾಗಿ ತೋರುವುದಿಲ್ಲ. ಆದರೆ ಅಪ್ಪಣೆಗೆ ಗುರುತು ಉಳಿಯುವುದು ಅಪರೂಪ. ಬರವಣಿಗೆಗೆ ಗುರುತು ಉಳಿಯುತ್ತದೆ. ಐಸನು 1943ರಲ್ಲೇ ಮಡಿದನು. ಅವನ ಕಾಗದಪತ್ರಗಳು ಇಸ್ರೇಲಿನಿಂದ ಪೋಲೆಂಡಿಗೆ ಬಂದು ಈಗ ಔಷ್ವಿಟ್ಸಿನ ವಸ್ತುಸಂಗ್ರಹಾಲಯವನ್ನು ಸೇರಿವೆ. ಅವುಗಳೊಡನೆ ಕೆಲವು ಪುಸ್ತಿಕೆಗಳೂ ಇವೆ: ಪರಗ್ವೇಯ ಮುದ್ರೆ, ಹ್ಯೂಗ್ಲಿಯ ಸಹಿ, ರೊಕಿತ್ಸ್ಕಿಯ ಅಕ್ಷರ.