ಮಲೆನಾಡಿನಲ್ಲಿ ಕುದುರೆ ಸಾಕಿದ ಕಥೆ

ಸಕಲೇಶಪುರ, ಆಲೂರು ಕಡೆ ಯಾವ ರೈತನ ಮನೆಗೆ ಹೋದರೂ ಕೊಟ್ಟಿಗೆಯಲ್ಲಿ ದನ ಕಾಣಬಹುದು. ಕುದುರೆ ಕಾಣುವುದು ಅಪರೂಪ. ಇದೇಕೆ ಹೀಗೆ? ನಮ್ಮ ಹಿರಿಯರು ಕುದುರೆಯನ್ನು ನೋಡಿರಲಿಲ್ಲವೆ? ನೋಡಿದ್ದರು, ಚೆನ್ನಾಗಿಯೇ ನೋಡಿದ್ದರು. ಈಗ ತೋಟಕ್ಕೆ ಬರುವ ಪ್ರವಾಸಿಗರಿಗೆ ಸವಾರಿ ಮಾಡಿಸೋಣ, ಮಕ್ಕಳಿಗೂ ಆಸೆ, ಒಂದು ಕುದುರೆ ತರೋಣ ಅಂತ ಯೋಚಿಸುವವರಿರಬಹುದು. ಅಂಥವರು ದುಡ್ಡು ಬಿಚ್ಚುವ ಮೊದಲು ಹಳೆಯ ಕಥೆಯನ್ನು ಸ್ವಲ್ಪ ಕೇಳಿ.

ನಮ್ಮದೇ ಜಿಲ್ಲೆಯ ಹಳೇಬೀಡಿಗೆ ಹೋದವರು ನೋಡಿರುತ್ತೀರಿ. ಗುಡಿಯ ಗೋಡೆಯಲ್ಲಿ ಆನೆಯ ಸಾಲಿನಂತೆಯೇ ಕುದುರೆ ಸವಾರರ ಸಾಲೂ ಇದೆ. ಆದರೆ ದಕ್ಷಿಣದ ರಾಜರಿಗೆ ಬೇಕಾದ ಒಳ್ಳೆಯ ಕುದುರೆಗಳು ಅರಬ್ಬೀ, ಪಾರಸೀ ದೇಶಗಳಿಂದ ಹಡಗಿನಲ್ಲಿ ಬರಬೇಕಾಗಿತ್ತು. ೧೩ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಎಂಬ ಪ್ರವಾಸಿ, ಅಲ್ಲಿಗೆ ತಂದ ಕುದುರೆಗಳಲ್ಲಿ ಬಹುಪಾಲು ಬೇಗ ಸಾಯುತ್ತವೆ, ಅವುಗಳ ಆರೈಕೆ ತಿಳಿದವರಿಲ್ಲ ಎಂದು ಬರೆದಿಟ್ಟಿದ್ದಾನೆ. ನೋಡಿದಿರಾ? ರಾಜನ ಬೊಕ್ಕಸವಿದ್ದರೂ ಆರೈಕೆ ಇಲ್ಲದಿದ್ದರೆ ಕುದುರೆ ಉಳಿಯಲಿಲ್ಲ.

ಸಕಲೇಶಪುರದ ಹತ್ತಿರ ಟಿಪ್ಪು ಸುಲ್ತಾನ ೧೭೯೨ರಲ್ಲಿ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಘಾಟಿಯ ದಾರಿ ಕಾಯಲು ಈ ಬೆಟ್ಟವೇ ಸರಿ ಎಂದುಕೊಂಡ. ಆದರೆ ಅವನ ಸೈನ್ಯದ ಕುದುರೆ ಸಾಕುವ ಜಾಗ ಯಾವುದು? ಬಯಲುಸೀಮೆಯ ಕುಣಿಗಲ್! ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾದದ್ದೂ ಅದೇ ಕುಣಿಗಲ್. ಕಾವಲಿಗೆ ಬೆಟ್ಟ, ಕುದುರೆಗೆ ಒಣನೆಲ.

ಮಂಜರಾಬಾದ್ ಸೀಮೆಯಲ್ಲಿ ೧೮೪೩ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಇಂಗ್ಲಿಷಿನವನು ಕಾಫಿ ತೋಟ ಹಾಕಿದ. ಅವನ ಹಿಂದೆ ಇನ್ನೂ ಹಲವರು ಬಂದರು. ಮೋಟಾರು ಇಲ್ಲದ ಕಾಲ. ತೋಟದಿಂದ ತೋಟಕ್ಕೆ, ತೋಟದಿಂದ ಪೇಟೆಗೆ ದೊರೆಗಳು ಕುದುರೆಯ ಮೇಲೆ ಓಡಾಡಿದರು. ಆದರೆ ಘಾಟಿ ಇಳಿದು ಮಂಗಳೂರ ಕಡೆಗೆ ಕಾಫಿ, ಅಕ್ಕಿ ಹೊತ್ತವು ಹೇರೆತ್ತುಗಳು. ಬರುವಾಗ ಉಪ್ಪು ಹೊತ್ತು ತಂದವೂ ಅವೇ. ಎತ್ತು ದಾರಿಬದಿಯ ಹುಲ್ಲು ಮೇಯುತ್ತೆ, ಮಲಗಿ ಮೆಲುಕು ಹಾಕುತ್ತೆ, ಮಳೆ ಬಂದರೆ ಗದ್ದೆಯನ್ನೂ ಉಳುತ್ತೆ. ಕುದುರೆಗೆ ಮೆಲುಕಿಲ್ಲ. ಹೊಟ್ಟೆ ಸಣ್ಣದು, ವಾಂತಿ ಮಾಡಲಾರದು. ಒಂದೇ ಸಲ ಹೆಚ್ಚು ತಿಂದರೆ, ಬೂಸಲು ಮೇವು ತಿಂದರೆ, ಹೊಟ್ಟೆಶೂಲೆ ಬಂದು ಒದ್ದಾಡಿ ಸತ್ತೇ ಹೋಗಬಹುದು. ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ತಿನ್ನಿಸಬೇಕು. ೩೦೦ ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು ೬ ಕಿಲೋ ಒಣಮೇವು ಬೇಕು. ದುಡಿದರೆ ಕಾಳೂ ಬೇಕು. ಆ ಹುರುಳಿ ನಮ್ಮ ಗದ್ದೆಯಲ್ಲಿ ಬೆಳೆಯುವಂಥದಲ್ಲ, ಒಣಸೀಮೆಯಿಂದಲೇ ಬರಬೇಕು.

ಇನ್ನು ನಮ್ಮ ಮಳೆ! ಸಕಲೇಶಪುರದಲ್ಲಿ ವರ್ಷಕ್ಕೆ ೨೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತೆ. ಆಲೂರಿನ ಕಡೆ ಕಡಿಮೆ, ಆದರೂ ಕೆಸರಿಗೇನು ಕೊರತೆ? ಕೆಸರು, ಗಂಜಲದಲ್ಲಿ ನಿಂತ ಕುದುರೆಯ ಗೊರಸಿನ ಅಡಿ ಕೊಳೆತು ನಾರುತ್ತೆ. ದಿನಾ ಗೊರಸು ಎತ್ತಿ ಕೆರೆದು ತೊಳೆದು ಒಣಗಿಸಬೇಕು. ಆರೇಳು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕೊಯ್ದು, ಮತ್ತೆ ಕಟ್ಟಬೇಕು. ಎತ್ತಿನ ಲಾಳ ಕಟ್ಟಿದ ಕೈಯೆಲ್ಲ ಕುದುರೆಗೆ ಆಗಿಬರದು. ಮೊಳೆ ಒಂದು ನೂಲು ಒಳಗೆ ಹೋದರೂ ಕುದುರೆ ಕುಂಟಿತು! ಒದ್ದೆ ಬೆನ್ನಿನ ಮೇಲೆ ಜೀನು ಬಿಗಿದು ಘಾಟಿ ಇಳಿದರೆ ಬೆನ್ನು ಉಜ್ಜಿ ಹುಣ್ಣಾಗುತ್ತೆ. ಅದು ಮಾಯುವ ತನಕ ಸವಾರಿ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಸರ್ರಾ ರೋಗ. ಕಚ್ಚುವ ದೊಡ್ಡ ನೊಣಗಳಿಂದ ಇದು ಹರಡುತ್ತೆ. ಇದರ ರೋಗಾಣುವನ್ನು ೧೮೮೦ರಲ್ಲಿ ಪಂಜಾಬಿನ ಸೀಮೆಯಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ರಕ್ತದಲ್ಲಿ ಕಂಡುಹಿಡಿದ. ಜ್ವರ ಬಿಟ್ಟು ಬಿಟ್ಟು ಬರುತ್ತೆ, ಮೈ ಇಳಿಯುತ್ತೆ, ಕಾಲು ಮತ್ತು ಹೊಟ್ಟೆಯ ಅಡಿ ಬಾಯುತ್ತೆ. ದನದ ಮೈಯಲ್ಲಿ ಈ ರೋಗ ಹೊರಗೆ ಕಾಣದೆ ಅಡಗಿರಬಹುದು. ಪಕ್ಕದಲ್ಲೇ ಕಟ್ಟಿದ ಕುದುರೆಗೆ ಅದೇ ಪ್ರಾಣಕ್ಕೆ ಬರುತ್ತೆ. ಈಗ ಇದಕ್ಕೆ ಔಷಧವಿದೆ. ಆದರೆ ಹೊತ್ತಿಗೆ ಸರಿಯಾಗಿ ರಕ್ತ ಪರೀಕ್ಷೆ ಆಗಬೇಕು.

ಹೀಗಾಗಿ ಮೋಟಾರು ಬಂದ ಮೇಲೆ ಬೆಟ್ಟದ ದಾರಿಯಲ್ಲಿ ಕುದುರೆಗೆ ಕೆಲಸ ಉಳಿಯಲಿಲ್ಲ. ನಮ್ಮ ಹಿರಿಯರು ಕುದುರೆ ಕಟ್ಟದೆ ಎತ್ತು ಕಟ್ಟಿದ್ದು ಬಡತನದಿಂದ ಮಾತ್ರವಲ್ಲ, ಲೆಕ್ಕ ತಿಳಿದೇ.

ಹಾಗಾದರೆ ಕುದುರೆ ಸಾಕಲೇಬಾರದೆ? ಸಾಕಬಹುದು. ಮೊದಲು ನಿಮ್ಮನ್ನೇ ನೀವು ಕೇಳಿಕೊಳ್ಳಿ: ದನದಿಂದ ದೂರ, ಎತ್ತರದ ಒಣ ಲಾಯ ಇದೆಯೆ? ಮಳೆಗಾಲಕ್ಕೆಲ್ಲ ಆಗುವಷ್ಟು ಒಣಹುಲ್ಲು ಅಟ್ಟದಲ್ಲಿದೆಯೆ? ಲಾಳ ಕಟ್ಟುವವನು ಕರೆದರೆ ಬರುತ್ತಾನೆಯೆ? ಕುದುರೆ ಬಲ್ಲ ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆ? ಮನೆಯಲ್ಲಿ ದಿನಾ ಅದರ ಮೈ ಉಜ್ಜಿ, ಗೊರಸು ನೋಡುವವರು ಯಾರು? ಈ ಐದಕ್ಕೂ ಉತ್ತರ ಸಿಕ್ಕರೆ ಸಂತೆಗೆ ಹೋಗಿ. ಒಂದಕ್ಕೆ ಸಿಗದಿದ್ದರೂ ದುಡ್ಡು ಮನೆಯಲ್ಲೇ ಇರಲಿ. ಒಂದು ಮೂಕಪ್ರಾಣಿಯ ಜೀವವೂ ಉಳಿದೀತು.